ಹಗ್ಗದಾಚೆಯ ಬಲಿಪೀಠ

ಮೊನ್ನೆ ನಮ್ಮೂರ ಕೆಥೆಡ್ರಲ್ಲಿನ ಮ್ಯೂಸಿಯಮ್ಮಿನಲ್ಲಿ ಮುದಿ ಪಾದ್ರಿ ದೊನ್ ಎಜಿದಿಯೊ ಹಳೇ ಬಲಿಪೀಠದ ಮುಂದೆ ಶಿಲುಬೆಯ ಗುರುತು ಹಾಕಿಕೊಳ್ಳುವಾಗ ಮೊಣಕೈ ಅದರ ಸುತ್ತ ಕಟ್ಟಿದ ಹಗ್ಗದಾಚೆ ಹೋಗಿ, ಕಳ್ಳರಿಗೆಂದು ಇಟ್ಟಿದ್ದ ಗಂಟೆ ಹೊಡೆದುಕೊಂಡಿತು. “ಮತ್ತೆ ನೀವೇನಾ ಫಾದರ್! ಕಳ್ಳರೇ ವಾಸಿ, ಒಂದ್ಸಲ ಬಂದು ಹೋಗ್ತಾರೆ,” ಎಂದು ಟಿಕೆಟ್ ಕೊಡುವ ನೀವೆಸ್ ಓಡಿಬಂದಳು. ಹಿಂದೆ ಇಟಲಿಯನ್ನಾಳಿದ ಲೊಂಬಾರ್ಡ್ ಅರಸರ ಕಾಲದ ಆ ಕಲ್ಲಿನ ಬಲಿಪೀಠ ಚರ್ಚಿನೊಳಗಿದ್ದಾಗ ದೊನ್ ಎಜಿದಿಯೊ ಅದರ ಮೇಲೆ ದಿನಾ ಪೂಜೆ ಅರ್ಪಿಸಿದವರು. ಈಗ ಬಲಿಪೀಠ ಹೋಗಿ ಪೀಠೋಪಕರಣವಾಗಿದೆ, ಪಾದ್ರಿ ಹೋಗಿ ಗೈಡ್ ಆಗಿದ್ದಾರೆ. ಯಾರು ಒಳಬಂದರೂ ಅದರ ಮೇಲೆ ಕೆತ್ತಿದ ಕ್ರಿಸ್ತನ ದೊಡ್ಡ ಕೈಗಳು, ಅಳಿಸಿಹೋದ ಬಣ್ಣ, ದೇವದೂತರ ರೆಕ್ಕೆ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಬಂದವರು ಪೂರ್ತಿ ಕೇಳಿ, ಟಾಯ್ಲೆಟ್ ಎಲ್ಲಿದೆ ಎನ್ನುತ್ತಾರೆ. “ಒಬ್ಬರಾದ್ರೂ ಇದರ ಮುಂದೆ ಪ್ರಾರ್ಥನೆ ಮಾಡ್ತಾರೇನೇ ನೀವೆಸ್? ಒಬ್ಬರು ಸಾಕು, ನೆಮ್ಮದಿಯಾಗಿ ಸಾಯ್ತೀನಿ,” ಎಂದು ಸಂಜೆ ಬೀಗ ಹಾಕುವಾಗಲೆಲ್ಲ ಗೊಣಗುತ್ತಾರೆ. “ಸಾಯೋದಾದ್ರೆ ರಜಾದಿನ ನೋಡ್ಕೊಂಡು ಸಾಯಿರಿ ಫಾದರ್, ನಾನೊಬ್ಳೇ ಇರೋದು,” ಎನ್ನುತ್ತಾಳೆ ಆಕೆ. ನಿನ್ನೆ ಒಬ್ಬ ಹೆಂಗಸು ಆಸ್ಪತ್ರೆಯಿಂದ ನೇರವಾಗಿ ಬಂದು, ಯಾರನ್ನೂ ಕೇಳದೆ ಹಗ್ಗದ ಮುಂದೆ ಮಂಡಿಯೂರಿದಳು. ದೊನ್ ಎಜಿದಿಯೊ ಪಕ್ಕದಲ್ಲಿ ಬಂದು ನಿಂತರು. ಆಕೆ ಕಲ್ಲಿನ ಕ್ರಿಸ್ತನನ್ನೇ ನೋಡುತ್ತ ಕೇಳಿದಳು: “ಮಗಳಿಗೆ ಆಪರೇಶನ್ ನಡೀತಿದೆ ಫಾದರ್. ನಾನು ಬೇಡ್ಕೊಂಡ್ರೆ ಸ್ವಾಮಿಗೆ ಕೇಳ್ಸುತ್ತಾ?” ಇಷ್ಟು ವರ್ಷ ಕಾದಿದ್ದ ಗಳಿಗೆ ಅದು. ಪಾದ್ರಿ ಬಾಯಿ ತೆರೆದರು, ಹೊರಬಂದದ್ದು ಗೈಡ್: “ಶಿಲ್ಪಿ ಇವನಿಗೆ ಕಿವಿ ಕೆತ್ತಿಲ್ಲಮ್ಮ.”