ಶುದ್ಧ ನೀರು

ಕೊರೊನಾ ಇಳಿದ ಮರುವರ್ಷ ನಾನು ಸೋಲಾರ್ ಕಂಪನಿಯೊಂದರ ಸರ್ವಿಸ್ ಎಂಜಿನಿಯರಾಗಿ ಅರಸೀಕೆರೆಯಲ್ಲಿದ್ದೆ. ಒಂದು ಬೆಳಿಗ್ಗೆ ಜಾವಗಲ್ ಕಡೆಯ ಪುಟ್ಟಮ್ಮನವರಿಂದ ಕರೆ ಬಂತು. ಅವರ ಗಂಡ ಸಿದ್ದೇಗೌಡರ ಶ್ವಾಸಕೋಶ ಕೆಟ್ಟಿತ್ತು. ಗಾಳಿಯಿಂದ ಆಕ್ಸಿಜನ್ ಹೀರಿ ಮೂಗಿಗೆ ಕೊಡುವ ಯಂತ್ರದ ಮೇಲೆ ಜೀವ ನಿಂತಿತ್ತು. ಕರೆಂಟ್ ಹೋದಾಗಲೂ ಅದು ಓಡಲೆಂದೇ ಮನೆ ಮೇಲೆ ಪ್ಯಾನೆಲ್, ಕೆಳಗೆ ಬ್ಯಾಟರಿ ಹಾಕಿಸಿದ್ದರು. ಹಿಂದಿನ ದಿನ ಕರೆಂಟ್ ಹೋದ ಸ್ವಲ್ಪ ಹೊತ್ತಿಗೇ ಬ್ಯಾಟರಿಯೂ ಕೈಕೊಟ್ಟು, ಗೌಡರು ಉಸಿರಿಗೆ ಒದ್ದಾಡಿ, ಅಕ್ಕಪಕ್ಕದವರು ಎಲ್ಲಿಂದಲೋ ಸಿಲಿಂಡರ್ ತಂದು ಉಳಿಸಿದ್ದರು.

ಮೇಲೆ ಹತ್ತಿ ನೋಡಿದರೆ ಪ್ಯಾನೆಲ್ ಫಳಫಳ ಹೊಳೆಯುತ್ತಿತ್ತು. ಇಷ್ಟು ಅಚ್ಚುಕಟ್ಟಾಗಿ ಒರೆಸುವವರನ್ನು ನಾನು ಕಂಡದ್ದೇ ಕಡಿಮೆ. ಕೆಳಗಿಳಿದು ಬ್ಯಾಟರಿಯ ಮುಚ್ಚಳ ತೆಗೆದಾಗ ಮಾತ್ರ ತೊಂದರೆ ಕಣ್ಣಿಗೆ ಬಿತ್ತು. ಒಳಗೆಲ್ಲ ಬಿಳಿ ಗಸಿ. ಬ್ಯಾಟರಿಯ ನೀರು ಆರಿದಂತೆ ಡಿಸ್ಟಿಲ್ಡ್ ವಾಟರ್, ಅಂದರೆ ಉಪ್ಪಿನಂಶವನ್ನೆಲ್ಲ ತೆಗೆದ ನೀರು, ಹಾಕಬೇಕು. ನಮ್ಮ ಕಡೆಯ ಗಡಸು ನೀರು ಬಿದ್ದರೆ ಬ್ಯಾಟರಿಯ ಕಥೆ ಮುಗಿದಂತೆ.

“ಅಮ್ಮ, ಇದಕ್ಕೆ ಯಾವ ನೀರು ಹಾಕಿದ್ರಿ?”

“ಶುದ್ಧ ನೀರೇ ಕಣಪ್ಪ. ಅಲ್ಲೇ ಬರ್ದೈತಲ್ಲ. ಶನಿವಾರ ನೋಡ್ಕಂಡು ಮಿಂದು, ಮಡೀಲಿ ಬಾವಿ ಸೇದಿ, ತಾಮ್ರದ ಚೊಂಬಲ್ಲಿ ತಂದು ಹಾಕ್ತೀನಿ. ಯಾರ್ನೂ ಮುಟ್ಟಾಕೆ ಬಿಟ್ಟಿಲ್ಲ.”

ನೋಡಿದರೆ ಹೌದು, ಬ್ಯಾಟರಿಗೆ ಅಂಟಿಸಿದ ಚೀಟಿಯಲ್ಲಿ ಕಂಪನಿಯೇ ‘ಶುದ್ಧ ನೀರು ಮಾತ್ರ ಹಾಕಿ’ ಎಂದು ಅಚ್ಚು ಹಾಕಿಸಿತ್ತು. ಎಸಿ ರೂಮಿನಲ್ಲಿ ಕೂತು ಇದನ್ನು ಬರೆದ ಪುಣ್ಯಾತ್ಮನ ಮೇಲೆ ಮೈಯೆಲ್ಲ ಉರಿಯಿತು.

ಆಕೆಗೆ ಹೇಳುವುದು ಹೇಗೆ? “ಹಳೇದಾಗಿತ್ತು ಬಿಡಿ ಅಮ್ಮ, ಹೊಸದು ಹಾಕೋಣ” ಎಂದೆ. ಮುಖ ಅರಳಿತು.

“ಸದ್ಯ! ಹೊಸದ್ಕೂ ನಾನೇ ಸೇದಿ ತತ್ತೀನಿ ಬುಡಪ್ಪ.”

ಇನ್ನು ಸುಳ್ಳು ನಡೆಯುವಂತಿರಲಿಲ್ಲ. ಇದ್ದದ್ದು ಇದ್ದಂತೆ ಹೇಳಿಬಿಟ್ಟೆ. ಪುಟ್ಟಮ್ಮ ಒಳಗೆ ಮಲಗಿದ್ದ ಗಂಡನ ಕಡೆ ನೋಡಿದರು.

“ಹಂಗಾರೆ ಅವ್ರ ಉಸ್ರು ನಾನೇ ಕಟ್ಟಿದ್ನಾ?”

“ಇಲ್ಲಮ್ಮ, ತಪ್ಪು ಚೀಟೀದು” ಎಂದೆ. ಅದು ಅವರ ಕಿವಿಗೆ ಬೀಳಲಿಲ್ಲ.

ಹೊಸ ಬ್ಯಾಟರಿಯ ಚೀಟಿ ಕಿತ್ತು, ‘ಅಂಗಡಿಯ ಬ್ಯಾಟರಿ ನೀರು ಮಾತ್ರ’ ಎಂದು ನಾನೇ ದಪ್ಪಕ್ಷರದಲ್ಲಿ ಬರೆದು ಅಂಟಿಸಿದೆ. ಆಮೇಲೆ ಹೋದ ಮನೆಗಳಲ್ಲೆಲ್ಲ ಹಾಗೇ ಮಾಡಿದೆ. ನಾವಾಡುವ ಮಾತಿಗೆ ಆ ಮನೆಯಲ್ಲಿ ಏನರ್ಥ ಎಂದು ಮೊದಲು ತಿಳಿದುಕೊಳ್ಳಬೇಕು. ಈ ಕೆಲಸ ನನಗೆ ಕಲಿಸಿದ್ದು ಅದು. ಗೌಡರು ಇನ್ನೊಂದು ಬೇಸಿಗೆ ಕಂಡು ತೀರಿಕೊಂಡರು. ಅಲ್ಲಿಯವರೆಗೂ ನಾನು ಹೋದಾಗಲೆಲ್ಲ ಬ್ಯಾಟರಿ ನೀರಿನ ಬಾಟಲಿ ಮುಂದೆ ಹಿಡಿದು, ಸುಲಭ, ನೀವೇ ಹಾಕಿ ಎನ್ನುತ್ತಿದ್ದೆ. ಪುಟ್ಟಮ್ಮ ಸೆರಗಿನಲ್ಲಿ ಕೈ ಮುಚ್ಚಿಕೊಂಡು ಬಾಗಿಲಲ್ಲೇ ನಿಲ್ಲುತ್ತಿದ್ದರು.

“ನೀನೇ ಹಾಕಪ್ಪ. ನನ್ ಕೈ ಬ್ಯಾಡ.”