ಹನ್ನೊಂದು ಮೂವತ್ತೊಂದರ ಉಪಗ್ರಹ

ಬಸ್ ನಿಲ್ದಾಣದ ಅನೌನ್ಸರ್ ಹೆಂಗಸನ್ನು ಊರಿನಲ್ಲಿ ನೋಡಿದವರು ಕಡಿಮೆ, ಕೇಳದವರು ಇಲ್ಲ. ಟಿಕೆಟ್ ಕೌಂಟರಿನ ಹಿಂದೆ ಒಂದು ಗಾಜಿನ ಗೂಡು. ಇಬ್ಬರು ಕೂತರೆ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗುತ್ತದೆ. ಅಲ್ಲಿ ಕೂತು ಇಪ್ಪತ್ತೆರಡು ವರ್ಷದಿಂದ ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಹೇಳುತ್ತಾ ಬಂದಾಕೆ. ಜನ ಆಕೆಯನ್ನು ಪ್ಲಾಟ್‌ಫಾರ್ಮ್ ಅಕ್ಕ ಎಂದು ಕರೆಯುತ್ತಾರೆ. ಒಮ್ಮೆ ಬಸ್ಸೊಂದು ದಾರಿಯಲ್ಲಿ ಕೆಟ್ಟು ನಿಂತಿತ್ತು. "ಹತ್ತು ನಿಮಿಷದಲ್ಲಿ ಬರುತ್ತೆ ಅಂತ ಹೇಳಮ್ಮ, ಗಲಾಟೆ ಆಗೋದು ಬೇಡ" ಎಂದು ಡಿಪೋ ಮ್ಯಾನೇಜರು ಗೂಡಿಗೆ ತಲೆ ತೂರಿಸಿ ಹೇಳಿದ. ಅಕ್ಕ ಮೈಕ್ ಒತ್ತಿ, "ಬಸ್ಸು ಕೆಟ್ಟಿದೆ, ಯಾವಾಗ ಬರುತ್ತದೋ ಗೊತ್ತಿಲ್ಲ, ಬೇರೆ ದಾರಿ ನೋಡಿಕೊಳ್ಳುವವರು ನೋಡಿಕೊಳ್ಳಿ" ಎಂದರು. ಮರುದಿನ ನೋಟಿಸ್ ಬಂತು. ಅಕ್ಕ ಅದನ್ನು ಮಡಚಿ ಕುರ್ಚಿಯ ಅಲುಗಾಡುವ ಕಾಲಿನ ಕೆಳಗೆ ಇಟ್ಟರು.

ಇಂಥಾಕೆಗೆ ಹ್ಯಾಮ್ ರೇಡಿಯೋದ, ಎಂದರೆ ಹವ್ಯಾಸಕ್ಕೆಂದು ಸ್ವಂತ ರೇಡಿಯೋದಲ್ಲಿ ದೂರದವರೊಡನೆ ಮಾತಾಡುವ, ಹುಚ್ಚು ಹಿಡಿದದ್ದು ಮೂವತ್ತೆಂಟನೆಯ ವಯಸ್ಸಿನಲ್ಲಿ. ಪುಸ್ತಕ ಓದಿದರು, ಪರೀಕ್ಷೆ ಬರೆದು ಒಮ್ಮೆ ಡುಮ್ಕಿ ಹೊಡೆದರು, ಇನ್ನೊಮ್ಮೆ ಬರೆದು ಲೈಸೆನ್ಸು ಪಡೆದರು. ಪ್ಲಾಸ್ಟಿಕ್ ಪೈಪಿನ ತುಂಡಿಗೆ ಬಡಗಿಯ ಅಳತೆ ಟೇಪನ್ನು ಕತ್ತರಿಸಿ ಸಿಕ್ಕಿಸಿ ತಾವೇ ಆಂಟೆನಾ ಮಾಡಿಕೊಂಡರು. ನೋಡಲು ಥೇಟ್ ಮೀನಿನ ಮುಳ್ಳು.

"ಏನೇ, ಇವತ್ತೂ ಆಕಾಶಕ್ಕೆ ಗಾಳ ಹಾಕೋಕೆ ಹೊರಟೆಯಾ?" ಎನ್ನುತ್ತಿದ್ದರು ಅತ್ತೆ.

"ಹೂಂ ಅತ್ತೆ. ಸಿಕ್ಕಿದ್ರೆ ನಿಮಗೂ ಒಂದು ತರ್ತೀನಿ."

ಆ ಗಾಳಕ್ಕೆ ಸಿಗುತ್ತಿದ್ದದ್ದು ಬೂಟಿನ ಪೆಟ್ಟಿಗೆಯಷ್ಟಿರುವ ಪುಟ್ಟ ಉಪಗ್ರಹ. ಹವ್ಯಾಸಿಗಳಿಗೆಂದೇ ಮೇಲೆ ಬಿಟ್ಟದ್ದು. ದಿನಕ್ಕೆ ಕೆಲವು ಸಲ ಒಂದು ದಿಗಂತದಲ್ಲಿ ಹುಟ್ಟಿ, ತಲೆಯ ಮೇಲೆ ಹಾದು, ಇನ್ನೊಂದು ದಿಗಂತದಲ್ಲಿ ಮುಳುಗುತ್ತದೆ. ಎಲ್ಲ ಸೇರಿ ಹನ್ನೊಂದು ನಿಮಿಷದ ವ್ಯವಹಾರ. ಕೆಳಗಿನಿಂದ ಕಳಿಸಿದ ದನಿಯನ್ನು ಅದು ನೂರಾರು ಮೈಲಿ ಆಚೆಗೆ ಉದುರಿಸುತ್ತದೆ. ಅದರ ಹಿಂದೆ ಆಂಟೆನಾ ತಿರುಗಿಸುತ್ತಾ, ಮಣಿಕಟ್ಟು ಹೊರಳಿಸುತ್ತಾ, ಅದು ಹತ್ತಿರ ಬಂದು ದೂರ ಸರಿದಂತೆ ಗುಂಡಿಯನ್ನು ಕೂದಲೆಳೆಯಷ್ಟು ತಿರುವುತ್ತಾ ಮಾತಾಡಬೇಕು. ಇನ್ನೊಂದು ಕಡೆಯವರು ಲೈಸೆನ್ಸಿನ ಜೊತೆ ಸಿಕ್ಕ ನಮ್ಮ ಗುರುತು ಕೇಳಿ ಹೇಳಬೇಕು, ಅವರದನ್ನು ನಾವು ಕೇಳಿ ಹೇಳಬೇಕು. ಆಗ ಮಾತ್ರ ಅದು ಸಂಪರ್ಕ. ಅರ್ಧ ಕೇಳಿದ್ದಕ್ಕೆ, ಕೇಳಿದಂತೆ ಅನ್ನಿಸಿದ್ದಕ್ಕೆ ಲೆಕ್ಕವಿಲ್ಲ. ಎಲ್ಲರೂ ಒಪ್ಪಿಕೊಂಡ ಕಟ್ಟಳೆ ಅದು, ಕಾವಲಿಗೆ ಪೊಲೀಸರಿಲ್ಲ.

ಅಕ್ಕ ರಜಾದಿನಗಳಲ್ಲಿ ಕಾಲೇಜು, ಶಾಲೆ, ಗುಡ್ಡದ ತುದಿ ಎಂದು ತಿರುಗಿ ಈ ವಿದ್ಯೆ ತೋರಿಸುತ್ತಿದ್ದರು. ಹೆಚ್ಚಾಗಿ ಆ ಕಡೆ ಸಿಗುತ್ತಿದ್ದವನು ನಡುಗಡ್ಡೆಯೊಂದರ ದೀಪಸ್ತಂಭದ ಕಾವಲುಗಾರ. ಆರು ವರ್ಷದ ಸ್ನೇಹ, ಮುಖ ನೋಡಿಲ್ಲ. ಅವನ ರೇಡಿಯೋಗೆ ದಾರಿ ಸಿಗುವುದು ಸ್ತಂಭದ ನೆತ್ತಿಯಲ್ಲಿ ಮಾತ್ರ. ಪ್ರತಿ ಸಲವೂ ಬ್ಯಾಟರಿ ಹೊತ್ತು ನೂರಾ ಎಪ್ಪತ್ತು ಮೆಟ್ಟಿಲು ಹತ್ತಬೇಕು.

ಇನ್ನು ಊರಿನ ಹವ್ಯಾಸಿಗಳ ಸಂಘ. ನಲವತ್ತು ಜನ ಸದಸ್ಯರು. ಅವರಲ್ಲಿ ಮೂವತ್ತಾರು ಮಂದಿಗೆ ರೇಡಿಯೋ ಇರುವುದು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಲು. ಅಧ್ಯಕ್ಷರು ಪೆಟ್ರೋಲ್ ಬಂಕಿನ ಮಾಲೀಕರು. ಮನೆಯ ತಾರಸಿಯ ಮೇಲೆ ಮೂರು ಆಂಟೆನಾ, ಅದರಲ್ಲೊಂದು ತಾನೇ ತಿರುಗುವಂಥದ್ದು. ಅದರ ಪೂರ್ಣ ಪ್ರಯೋಜನ ಪಡೆದವು ಕಾಗೆಗಳು. ಅಧ್ಯಕ್ಷರು ಈವರೆಗೆ ಉಪಗ್ರಹದ ಮೂಲಕ ಒಂದು ಪೂರ್ತಿ ಮಾತು ಮುಗಿಸಿದವರಲ್ಲ. ಆದರೆ ಬ್ಯಾನರಿನಲ್ಲಿ ಅವರ ಮುಖ ಭೂಮಿಗಿಂತ ದೊಡ್ಡದಾಗಿ ಅಚ್ಚಾಗುತ್ತಿತ್ತು. ಹಾಳೂರಿಗೆ ಉಳಿದವನೇ ಗೌಡ.

ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಘದ ದೊಡ್ಡ ಪ್ರದರ್ಶನ ನಿಗದಿಯಾಯಿತು. ಆರುನೂರು ಮಕ್ಕಳು, ಶಾಮಿಯಾನ, ಮಂತ್ರಿಗಳೊಬ್ಬರು ಮುಖ್ಯ ಅತಿಥಿ. ಉಪಗ್ರಹ ಹುಟ್ಟುವುದು ಹನ್ನೊಂದು ನಲವತ್ತೆರಡಕ್ಕೆ. ವಾರದ ಮುಂಚೆ ಅಕ್ಕ ಗುಡ್ಡ ಹತ್ತಿ ಕಾವಲುಗಾರನ ಜೊತೆ ತಾಲೀಮು ಮಾಡಿ, ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು. ಅಧ್ಯಕ್ಷರು ಅದನ್ನು ಕೇಳಿ ಬಾಯಿ ಚಪ್ಪರಿಸಿದರು.

"ಎಷ್ಟು ಸ್ಪಷ್ಟವಾಗಿದೆ ಅಕ್ಕಾ! ಒಂದು ಕಾಪಿ ಕೊಟ್ಟಿರಿ, ಭದ್ರತೆಗೆ ಇರ್ಲಿ."

"ಭದ್ರತೆಗೆ ಅಂದ್ರೆ?"

"ಅಯ್ಯೋ, ಸುಮ್ನೆ. ಮಳೆ ಗಿಳೆ ಬಂದ್ರೆ."

ಮಳೆಗೂ ಉಪಗ್ರಹಕ್ಕೂ ಸಂಬಂಧವಿಲ್ಲ ಎಂಬುದು ಅಕ್ಕನಿಗೆ ಗೊತ್ತಿತ್ತು. ಆದರೂ ಕೊಟ್ಟರು. ಹೊಗಳಿಕೆ ಕೇಳಿ ಹಿಗ್ಗಿದ್ದರು, ಅಷ್ಟೇ. ಟೈರ್ ಅಂಗಡಿ ಇಟ್ಟಿದ್ದ ಗಂಡ ಮಾತ್ರ ಊಟಕ್ಕೆ ಕೂತಾಗ, "ಸ್ಟೆಪ್ನಿ ಮೊದಲೇ ಕೇಳೋನು ಗಾಡಿ ಓಡ್ಸೋಕೆ ಹೆದರೋನೇ" ಎಂದ. ಅಕ್ಕ ಕೇಳಿಸದವರಂತೆ ಸಾರು ಬಡಿಸಿದರು.

ಆ ದಿನ ಮಂತ್ರಿಗಳು ಬಂದದ್ದು ಒಂದು ಗಂಟೆ ತಡವಾಗಿ, ಹೊರಡಬೇಕಾದದ್ದು ಅರ್ಧ ಗಂಟೆ ಬೇಗ. ನಡುವೆ ಸ್ವಾಗತ, ಹೂಗುಚ್ಛ, ಪರಿಚಯ, ಪರಿಚಯಿಸಿದವರ ಪರಿಚಯ. ವಿಜ್ಞಾನದ ಬಗ್ಗೆ ಅಧ್ಯಕ್ಷರು ಇಪ್ಪತ್ತು ನಿಮಿಷ ಮಾತಾಡಿದರು. ಅದರಲ್ಲಿ ವಿಜ್ಞಾನ ಬಿಟ್ಟು ಎಲ್ಲವೂ ಇತ್ತು. ಹಿಂದಿನ ಸಾಲಿನ ಮಕ್ಕಳು ಒಬ್ಬರ ಜಡೆ ಇನ್ನೊಬ್ಬರಿಗೆ ಗಂಟು ಹಾಕುವ ಹಂತಕ್ಕೆ ಬಂದಿದ್ದರು. ಹನ್ನೊಂದೂವರೆಗೆ ಮಂತ್ರಿಗಳ ಸಹಾಯಕ ಗಡಿಯಾರ ತೋರಿಸಿದ. ಅಧ್ಯಕ್ಷರ ಮುಖದ ಬಣ್ಣ ಇಳಿಯಿತು. ವೇದಿಕೆಯ ಮೂಲೆಯಲ್ಲಿ ನಿಂತಿದ್ದ ಅಕ್ಕನ ಕಿವಿಗೆ ಬಾಗಿದರು.

"ಈಗಲೇ ಶುರು ಮಾಡಿಬಿಡಿ."

"ಇನ್ನೂ ಹುಟ್ಟೇ ಇಲ್ವಲ್ಲ ಸಾರ್. ಹನ್ನೆರಡು ನಿಮಿಷ ಇದೆ."

"ನೀವು ಆಂಟೆನಾ ಎತ್ತಿ ಹಿಡ್ಕೊಳಿ ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ."

"ಸಾರ್, ಅದು ಸರಿಯಲ್ಲ..."

"ಆರುನೂರು ಮಕ್ಕಳ ಮುಂದೆ ರಂಪ ಮಾಡ್ಬೇಡಿ ಅಕ್ಕಾ. ಎತ್ತಿ."

ಅಕ್ಕ ಎತ್ತಿದರು. ಡಿಪೋ ಮ್ಯಾನೇಜರಿಗೆ ಬಗ್ಗದ ಹೆಂಗಸು ಪೆಟ್ರೋಲ್ ಬಂಕಿಗೆ ಬಗ್ಗಿದರು. ಕೈ ಮೇಲೆದ್ದಾಗಿತ್ತು. ಹನ್ನೊಂದು ಮೂವತ್ತೊಂದಕ್ಕೆ ಧ್ವನಿವರ್ಧಕದಿಂದ ಅವರದೇ ದನಿ ಮೈದಾನದ ತುಂಬ ಗುಂಯ್‌ಗುಟ್ಟಿತು. ಹಿಂದೆಯೇ ಕಾವಲುಗಾರನದು: "ಇಲ್ಲಿ ಪೂರ್ತಿ ಮಂಜು ಅಕ್ಕಾ, ಏನೂ ಕಾಣ್ತಿಲ್ಲ." ಉಪಗ್ರಹ ಆ ಗಳಿಗೆಯಲ್ಲಿ ಭೂಮಿಯ ಬೆನ್ನ ಹಿಂದೆ ಯಾವುದೋ ಸಮುದ್ರದ ಮೇಲಿತ್ತು. ಅಕ್ಕ ಬಾಯಿ ಮುಚ್ಚಿಕೊಂಡು, ಏನೂ ಇಲ್ಲದ ಆಕಾಶಕ್ಕೆ ಅಳತೆ ಟೇಪು ತೋರಿಸುತ್ತಾ ನಿಂತಿದ್ದರು. ಚಪ್ಪಾಳೆ ಬಿತ್ತು. ಮಂತ್ರಿಗಳು "ಅದ್ಭುತ, ಅದ್ಭುತ" ಎಂದು ಅಧ್ಯಕ್ಷರ ಬೆನ್ನು ತಟ್ಟಿ, ಕಾರು ಹತ್ತಿ, ಧೂಳೆಬ್ಬಿಸಿ ಹೋದರು. ತಿಳಿಯದವರಿಗೆ ಬೂದಿಯೂ ವಿಭೂತಿ; ತಿಳಿದ ಮೂವತ್ತಾರು ಸದಸ್ಯರು ಕೆಳಗೆ ಕೂತು ಚಪ್ಪಾಳೆ ತಟ್ಟಿದರಲ್ಲ, ಅವರಿಗೆ ಯಾವ ಗಾದೆ?

"ನಿಭಾಯಿಸಿಬಿಟ್ವಿ" ಎಂದು ಅಧ್ಯಕ್ಷರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. "ಸಾಮಾನು ಕಟ್ಟಿ, ಊಟಕ್ಕೆ ಹೋಗೋಣ."

"ಸಾರ್, ನಲವತ್ತೆರಡಕ್ಕೆ ನಿಜವಾದದ್ದು ಬರುತ್ತೆ. ಆತ ಮೇಲೆ ಹತ್ತಿ ಕಾಯ್ತಿದ್ದಾನೆ."

"ಕಾದು ಇಳೀತಾನೆ ಬಿಡಿ. ಒಂದೇ ಸಿನಿಮಾನ ಎರಡು ಸಲ ಯಾಕೆ ತೋರ್ಸೋದು?"

"ಮೈಕ್ ಕೊಡಿ. ಮಕ್ಕಳಿಗೆ ಹೇಳ್ಬೇಕು."

"ಏನಂತ?"

"ಕೇಳಿಸಿದ್ದು ಹೋದ ವಾರದ್ದು ಅಂತ."

ಅಧ್ಯಕ್ಷರು ನಕ್ಕರು. ನಗುತ್ತಲೇ ಮೈಕಿನ ವೈರು ಕಿತ್ತು ಅಂಗೈಗೆ ಸುತ್ತಿಕೊಂಡರು. "ಹುಷಾರಿಲ್ವಾ ಅಕ್ಕಾ? ಸಂಘದಲ್ಲಿ ಇರ್ಬೇಕು ಅಂತ ಇದೆಯೋ ಇಲ್ವೋ?"

ಆಗ ಹನ್ನೊಂದು ನಲವತ್ತೊಂದು. ಅಕ್ಕ ವೇದಿಕೆಯ ಮೆಟ್ಟಿಲು ಇಳಿದರು. ಒಂದು ಕೈಯಲ್ಲಿ ಆಂಟೆನಾ, ಸೊಂಟಕ್ಕೆ ಸಿಕ್ಕಿಸಿದ ಕೈರೇಡಿಯೋ. ಶಾಮಿಯಾನದ ಹಗ್ಗ ದಾಟಿ ಅಡುಗೆಮನೆಯ ಹಿಂದಿನ ಬಯಲಿಗೆ ಹೋದರು. ಅಲ್ಲಿ ಅಡುಗೆಯಾಕೆ ಪಾತ್ರೆ ಒಣಗಿಸುತ್ತಿದ್ದಳು. ಜಡೆ ಗಂಟು ಹಾಕಿಕೊಂಡಿದ್ದ ಹನ್ನೆರಡು ಹುಡುಗಿಯರು, ಏನೋ ನಡೆಯುತ್ತಿದೆ ಎಂಬ ವಾಸನೆ ಮೂಗಿಗೆ ಬಡಿದು ಹಿಂದೆಯೇ ಬಂದರು.

ಮೊದಲು ಬರಿಯ ಸರಸರ. ಆಮೇಲೆ ಸರಸರದೊಳಗಿಂದ ಕಾವಲುಗಾರನ ದನಿ, ಏದುಸಿರಿನಲ್ಲಿ, ಅಕ್ಕನ ಗುರುತು ಹಿಡಿದು ಕರೆಯುತ್ತಿತ್ತು. ಅಕ್ಕ ಉತ್ತರ ಕೊಟ್ಟರು. ಆತ ಅವರ ಗುರುತು ಹೇಳಿದ, ಅವರು ಆತನದನ್ನು ಹೇಳಿದರು.

"ಇದೇನು, ಟೇಪಾ?" ಎಂದಳು ಅಡುಗೆಯಾಕೆ ಸೊಂಟಕ್ಕೆ ಕೈಯಿಟ್ಟು. "ಆಗಲೇ ಕೇಳಿಸಿದ್ರಲ್ಲ, ಮಂಜು ಗಿಂಜು ಅಂತ."

ಹುಡುಗಿಯರು ಅಕ್ಕನ ಮುಖ ನೋಡಿದರು. ಅಕ್ಕನಿಗೆ ಕಿವಿಯವರೆಗೂ ಬಿಸಿಯೇರಿತು.

"ಆಗ ಕೇಳಿದ್ದು ಟೇಪು ಕಣಮ್ಮ. ನಾನು ಸುಮ್ನೆ ಕೈ ಎತ್ತಿ ನಿಂತಿದ್ದೆ. ಇದು ಈಗಿನದು. ಬೇಕಾದ್ರೆ ಏನಾದ್ರೂ ಕೇಳು, ಅವರನ್ನೇ ಕೇಳ್ತೀನಿ."

"ಇವತ್ತು ಏನು ಅಡುಗೆ ಮಾಡ್ಕೊಂಡ್ರು ಕೇಳಿ."

ಅಕ್ಕ ಕೇಳಿದರು. ಮಣಿಕಟ್ಟು ಹೊರಳಿಸಿದರು. ಆಕಾಶ ಒಂದು ಕ್ಷಣ ತಡೆದು ಉತ್ತರ ಕೊಟ್ಟಿತು: "ಅನ್ನಕ್ಕಿಟ್ಟಿದ್ದೆ ಅಕ್ಕಾ, ನಿಮ್ಮ ಹೊತ್ತಾಯ್ತು ಅಂತ ಮೇಲೆ ಓಡಿ ಬಂದೆ. ಒಲೆ ಆರ್ಸೋದು ಮರೆತೆ. ವಾಸನೆ ಇಲ್ಲಿಗೇ ಬರ್ತಿದೆ. ಇವತ್ತು ಒಳ್ಳೆ ಬಿಸಿಲು, ನಾಲ್ಕು ದೋಣಿ ಕಾಣ್ತಿವೆ."

ಅಡುಗೆಯಾಕೆ ಬಿದ್ದು ಬಿದ್ದು ನಕ್ಕಳು. "ಇದು ಟೇಪಲ್ಲ ಬಿಡಿ! ಅನ್ನ ಸೀಯಿಸಿದ್ದನ್ನ ಯಾರೂ ರೆಕಾರ್ಡ್ ಮಾಡಿ ಇಟ್ಕೊಳಲ್ಲ. ಮೊದಲು ಕೆಳಗಿಳಿ ಅನ್ನಿ ಅವನಿಗೆ!"

ಹುಡುಗಿಯರು ಸರದಿಯಲ್ಲಿ ಆಂಟೆನಾ ಹಿಡಿದು ದನಿ ಏರುವುದನ್ನೂ ಇಳಿಯುವುದನ್ನೂ ಕೇಳಿದರು. ಹನ್ನೊಂದು ಐವತ್ತಮೂರಕ್ಕೆ ಉಪಗ್ರಹ ನೀರಿನ ಟ್ಯಾಂಕಿನ ಹಿಂದೆ ಮುಳುಗಿತು.

ಮರುದಿನ ಪತ್ರಿಕೆಯಲ್ಲಿ ಅಧ್ಯಕ್ಷರ ಫೋಟೋ ಬಂತು, 'ಬಾಹ್ಯಾಕಾಶದ ಜೊತೆ ನೇರ ಮಾತು' ಎಂಬ ತಲೆಬರಹದಡಿ. ಹನ್ನೆರಡು ಹುಡುಗಿಯರ ಬಾಯಿಯ ವೈರನ್ನು ಮಾತ್ರ ಯಾರೂ ಕಿತ್ತಿರಲಿಲ್ಲ. ವಾರದೊಳಗೆ ಸುದ್ದಿ ಮನೆಮನೆಗೂ ಹೋಯಿತು. ಅದರ ಮೇಲೆ ಅಧ್ಯಕ್ಷರೇ ಒಂದು ಎಡವಟ್ಟು ಮಾಡಿದರು. ಸಂಪರ್ಕವಾದ ಮೇಲೆ ಆ ಕಡೆಯವರಿಗೆ ದೃಢೀಕರಣದ ಕಾರ್ಡು ಕಳಿಸುವುದು ಹವ್ಯಾಸಿಗಳ ಪದ್ಧತಿ. ಅಧ್ಯಕ್ಷರು ಬಣ್ಣದ ಕಾರ್ಡು ಅಚ್ಚು ಹಾಕಿಸಿ, ತಮ್ಮ ಹೆಸರಿನಲ್ಲಿ, ಸಮಯ ಹನ್ನೊಂದು ಮೂವತ್ತೊಂದು ಎಂದು ನಮೂದಿಸಿ ಕಾವಲುಗಾರನಿಗೂ ಕಳಿಸಿದರು, ಹತ್ತೂರಿನ ಸಂಘಗಳಿಗೂ ಹಂಚಿದರು. ಉಪಗ್ರಹ ಹುಟ್ಟುವ ಹನ್ನೊಂದು ನಿಮಿಷ ಮುಂಚೆ ಅದರ ಮೂಲಕ ಮಾತಾಡಿದ ಮಹಾನುಭಾವ ಜಗತ್ತಿನಲ್ಲಿ ಇವರೊಬ್ಬರೇ. ಹತ್ತೂ ಊರಿನ ಹವ್ಯಾಸಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು.

ಬಂಕಿನ ಮಹಡಿಯ ಕೋಣೆಯಲ್ಲಿ ಸಭೆ ಸೇರಿತು. ಸುಳ್ಳಿನ ಬಗ್ಗೆ ಚರ್ಚೆಯಾಗಲಿಲ್ಲ. ಸುಳ್ಳು ಹೊರಗೆ ಬಂದ ಬಗ್ಗೆ ಆಯಿತು.

"ಸಂಘದ ಮಾನ ಹರಾಜು ಹಾಕಿದ್ರಿ" ಎಂದರು ಅಧ್ಯಕ್ಷರು. "ಬರವಣಿಗೆಯಲ್ಲಿ ಕ್ಷಮೆ ಕೇಳಿ. ಇಲ್ದಿದ್ರೆ ಹೆಸರು ಹೊಡೆದು ಹಾಕ್ತೀವಿ."

ಮೂವತ್ತಾರು ತಲೆಗಳು ಆಡಿದವು. ಅಲ್ಲಿ ಪ್ರತಿಯೊಬ್ಬನಿಗೂ ಹನ್ನೊಂದು ಮೂವತ್ತೊಂದರ ಅರ್ಥ ಗೊತ್ತಿತ್ತು. ಒಬ್ಬ ಚಾವಣಿ ನೋಡಿದ, ಒಬ್ಬ ಉಗುರು ನೋಡಿಕೊಂಡ, ಒಬ್ಬ ಚಹಾ ಯಾಕಿನ್ನೂ ಬಂದಿಲ್ಲ ಎಂದು ವಿಚಾರಿಸಿದ.

"ಕೇಳ್ತೀನಿ" ಎಂದರು ಅಕ್ಕ. "ತಪ್ಪು ಮಾಡಿದ್ದೀನಲ್ಲ, ಕೇಳ್ತೀನಿ."

ಅಧ್ಯಕ್ಷರು ಗೆದ್ದವರಂತೆ ಕುರ್ಚಿಗೆ ಒರಗಿದರು.

ಮನೆಯಲ್ಲಿ ಅಕ್ಕ ಬರೆದ ಕ್ಷಮಾಪಣೆಯ ಕಾಗದವನ್ನು ಗಂಡ ಓದಿ, "ಇದನ್ನ ಆತ ತಗೊಳಲ್ಲ ಕಣೆ" ಎಂದ.

"ಅವರಿಗೆ ಬರೆದಿದ್ದಲ್ಲ."

ಮರುದಿನ ಬೆಳಿಗ್ಗೆ ಅಕ್ಕ ಶಾಲೆಗೆ ಹೋದರು. ಮುಖ್ಯೋಪಾಧ್ಯಾಯಿನಿ ಕಾಗದವನ್ನು ಎರಡು ಸಲ ಓದಿ, ಬೇಡ ಎನ್ನಲು ಕಾರಣ ಹುಡುಕಿ, ಸಿಗದೆ, ಪ್ರಾರ್ಥನೆಯ ಸಾಲಿನ ಮುಂದೆ ಮೈಕ್ ಬಿಟ್ಟುಕೊಟ್ಟರು. ಅಕ್ಕ ಓದಿದರು: "ಪ್ರದರ್ಶನದ ದಿನ ಹನ್ನೊಂದು ಮೂವತ್ತೊಂದಕ್ಕೆ ನಿಮಗೆ ಕೇಳಿಸಿದ್ದು ಹಳೆಯ ರೆಕಾರ್ಡು. ಆಗ ಆಕಾಶದಲ್ಲಿ ಉಪಗ್ರಹ ಇರಲಿಲ್ಲ. ಅದು ಗೊತ್ತಿದ್ದೂ ನಾನು ಆಂಟೆನಾ ಎತ್ತಿ ನಿಂತೆ. ಯಾರೂ ನನ್ನ ಕೈ ಹಿಡಿದು ಎತ್ತಿಸಲಿಲ್ಲ. ನಿಮ್ಮೆಲ್ಲರ ಕ್ಷಮೆ ಕೇಳುತ್ತೇನೆ. ನಾಡಿದ್ದು ಬೆಳಿಗ್ಗೆ ಹತ್ತು ಹದಿನೇಳಕ್ಕೆ ಉಪಗ್ರಹ ಮತ್ತೆ ಬರುತ್ತದೆ. ನಾನು ಅಡುಗೆಮನೆಯ ಹಿಂದೆ ಇರುತ್ತೇನೆ. ಸಿಕ್ಕರೆ ಸಿಕ್ಕಿತು, ಸಿಗದಿದ್ದರೆ ಸಿಗಲಿಲ್ಲ ಎಂದು ಹೇಳುತ್ತೇನೆ."

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗಂಟೆ ಹೊಡೆಯಿತು, ಆರುನೂರು ಮಕ್ಕಳು ಸಾಲಾಗಿ ಮೊದಲ ಪಾಠಕ್ಕೆ ಹೊರಟರು.