ಎದುರು ಫ್ಲಾಟಿನವರ ಏಂಜಲ್ ಫಿಶ್

ನಾಸಿಕ್‌ಗೆ ಬಂದ ಮೇಲೆ ನನ್ನ ಗುಡ್ ಮಾರ್ನಿಂಗನ್ನು ಯಾರೂ ಅನುಮಾನಿಸುವುದಿಲ್ಲ. ಐ ಮಿಸ್ ಇಟ್. ಸಂಭಾಜಿನಗರದಲ್ಲಿ ನಮ್ಮ ಎದುರು ಫ್ಲಾಟಿನಲ್ಲಿದ್ದ ಬೀದರಿನ ಹೆಂಗಸು ಹಾಲನ್ನು ಮೂಸಿ, ಬೆಂಡೆಕಾಯಿ ಮುರಿದು, ಕಣ್ಣು ಕಿರಿದು ಮಾಡಿ, "ಖರೇ ಏನ್ರಿ?" ಅನ್ನುತ್ತಿದ್ದರು. ನನ್ನ ಗ್ರೀಟಿಂಗಿಗೂ ಅದೇ ಉತ್ತರ!

ಒಮ್ಮೆ ಅವರ ಮುದ್ದಿನ ಏಂಜಲ್ ಫಿಶ್ ಆಹಾರ ಬಿಟ್ಟು ಸೊರಗಿತು. ಅದರ ಹಿಂಭಾಗದಿಂದ ಕೆಂಪು ದಾರದಂಥ ಹುಳುಗಳು ಇಣುಕುತ್ತಿದ್ದವು. ಮೀನು ಮಾರಿದ್ದ ಕಲಬುರಗಿಯವನ ಅಂಗಡಿಗೆ ನನ್ನನ್ನೂ ಕರೆದೊಯ್ದರು. ಅವನು ಆಡುಗಳಿಗೆ ಕೊಡುವ ಜಂತಿನ ಔಷಧ ತೆಗೆದ.

"ನೀರಾಗ ಹಾಕ್ರಿ ಅಕ್ಕಾರ, ಹುಳ ಉದುರತಾವ."

"ಖರೇ ಏನ್ರಿ? ಆಡಿನ ಔಷಧಕ್ಕ ನನ್ನ ಮೀನ ಸತ್ತರ? ಮೊದ್ಲ ನಿಮ್ಮ ಟ್ಯಾಂಕಿಗೆ ಹಾಕ್ರಿ, ನೋಡ್ತೀನಿ."

ಅವನು ನಗುತ್ತಲೇ ಹಾಕಿದ. ಇವರು ಸ್ಟೂಲ್ ಎಳೆದುಕೊಂಡು ಟ್ಯಾಂಕಿನ ಮುಂದೆಯೇ ಕೂತರು. ನನಗೋ ಸೋ ಎಂಬರಾಸಿಂಗ್. ಸಂಜೆಯಾದರೂ ಅವನ ಮೀನುಗಳೆಲ್ಲ ಚುರುಕಾಗಿ ಈಜುತ್ತಿದ್ದವು. ಆದರೆ ಟ್ಯಾಂಕಿನ ತಳದಲ್ಲಿ ಅವೇ ಕೆಂಪು ಹುಳುಗಳು ಉದುರಿ ಬಿದ್ದಿದ್ದವು. ಗಿರಾಕಿಗಳೂ ಬಗ್ಗಿ ನೋಡಿದರು. ಅಂಗಡಿಯವನ ನಗು ನಿಂತಿತು.

"ರೋಗ ಎಲ್ಲಿಂದ ಬಂತು ಗೊತ್ತಾತು ಬಿಡ್ರಿ," ಎಂದು ಇವರು ಔಷಧವನ್ನು ಚೀಲಕ್ಕೆ ಹಾಕಿಕೊಂಡರು.

"ಈಗರ ನಂಬಿಕಿ ಬಂತಿಲ್ರಿ ಅಕ್ಕಾರ?" ಎಂದ ಅವನು, ಮೆಲ್ಲಗೆ.

"ಔಷಧದ ಮ್ಯಾಲ ಬಂತ್ರಿ."